ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ: ಇಷ್ಟು ಸಣ್ಣ ಊರಿನ ಇತಿಹಾಸ ಎಲ್ಲಿಂದ ಹುಡುಕೋದು?

ಇಳಕಲ್ ದಡಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ್ರಿ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಎಲ್ಲರಿಗೂ ಗೊತ್ತು. ಅವರು 1832ರಲ್ಲಿ ಹುಟ್ಟಿದ ಊರಿಗೆ ಮಾತ್ರ ನಮ್ಮ ಪುಸ್ತಕಗಳಲ್ಲಿ ಅರ್ಧ ಸಾಲು ಸಿಕ್ಕರೆ ಹೆಚ್ಚು. ಊರ ಹೆಸರು ರೆಸ್ಟರ್‌ಹಾಫೆ. ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, ಡೋರ್ನುಮ್ ಪಕ್ಕದ ಪುಟ್ಟ ಹಳ್ಳಿ.

ಈ ಊರಿನ ಬಗ್ಗೆಯೇ ಗ್ರಂಥಾಲಯದ ಗೋಡೆಗೆ ಆರು ಫಲಕ ಮತ್ತು 24 ಪುಟದ ಒಂದು ಪುಸ್ತಿಕೆ ತಯಾರಾಗುತ್ತಿದೆ. ಸದ್ಯದ ಕರಡು ಹೀಗಿದೆ. ಮೊದಲ ಫಲಕದಲ್ಲಿ ಊರು "ಸ್ಥಾಪನೆಯಾದ ವರ್ಷ", ಕೆಳಗೆ ಗುಡ್ಡದ ಬುಡದಲ್ಲಿರುವ, ಗೋಡೆ ತುಂಬ ಕರಿ ಮರದ ಚೌಕಟ್ಟು ಕಾಣುವ ಜರ್ಮನ್ ಮನೆಯ ಚಿತ್ರ. ಎರಡನೆಯದರಲ್ಲಿ "ಕಿಟೆಲ್ ಪ್ರಶ್ಯಾ ದೇಶದಲ್ಲಿ ಹುಟ್ಟಿದರು". ಮೂರನೆಯದರಲ್ಲಿ "ಕಿಟೆಲ್ ಮನೆತನ ತಲೆತಲಾಂತರದಿಂದ ಇಲ್ಲಿ ಒಕ್ಕಲುತನ ಮಾಡಿಕೊಂಡಿತ್ತು". ಉಳಿದ ಮೂರು ಖಾಲಿ.

ಅಚ್ಚಿಗೆ ಕೊಡುವ ಮುಂಚೆ ತಿಳಿದವರು ತಿದ್ದಬೇಕು. ಕೋಟೆ, ಅರಮನೆ, ಯುದ್ಧ ಯಾವುದೂ ಇಲ್ಲದ ಊರಿನ ಚರಿತ್ರೆಗೆ ಯಾವ ಕಾಗದ ನೋಡಬೇಕು, ಇಲ್ಲಿ ಕೂತು ಅವನ್ನು ತರಿಸಿಕೊಳ್ಳೋದು ಹೆಂಗ?

ಮೋಡಿ ಅಕ್ಷರ, ಬೆಳಗಾವಿ

ಮೂರೂ ಫಲಕ ತಡೆಹಿಡಿಯಿರಿ. ಮೂರರಲ್ಲೂ ತಿದ್ದುಪಡಿ ಇದೆ.

ಮೊದಲು ಎರಡನೆಯದು, ಯಾಕಂದರೆ ಅದು ಸರಿಯಾದರೆ ಕಾಗದ ಎಲ್ಲಿ ಹುಡುಕಬೇಕು ಅನ್ನೋದೂ ಸರಿಯಾಗುತ್ತದೆ. ಪೂರ್ವ ಫ್ರೀಸ್‌ಲ್ಯಾಂಡ್ ಮೊದಲು ಊರೂರ ನಾಯಕರ ಕೈಯಲ್ಲಿತ್ತು. ಅವರಲ್ಲಿ ಸಿರ್ಕ್ಸೆನಾ ಮನೆತನ ಮೇಲೆ ಬಂದು 1464ರಲ್ಲಿ ಚಕ್ರವರ್ತಿಯಿಂದ ಕೌಂಟ್ ಪದವಿ ಪಡೆಯಿತು. 1744ರಲ್ಲಿ ಆ ವಂಶಕ್ಕೆ ಗಂಡು ಸಂತಾನ ಇಲ್ಲದಾಗಿ ನಾಡು ಪ್ರಶ್ಯಾಕ್ಕೆ ಹೋಯಿತು. ನೆಪೋಲಿಯನ್ ಕಾಲದಲ್ಲಿ ಹಾಲೆಂಡ್ ರಾಜ್ಯಕ್ಕೆ, 1810ರಲ್ಲಿ ನೇರವಾಗಿ ಫ್ರಾನ್ಸಿಗೆ, 1813ರಲ್ಲಿ ಮತ್ತೆ ಪ್ರಶ್ಯಾಕ್ಕೆ, 1815ರಲ್ಲಿ ಹಾನೋವರ್ ರಾಜ್ಯಕ್ಕೆ. ಪ್ರಶ್ಯಾ ಅದನ್ನು ತಿರುಗಿ ತೆಗೆದುಕೊಂಡದ್ದು 1866ರಲ್ಲಿ. 1946ರಿಂದ ಅದು ಲೋವರ್ ಸ್ಯಾಕ್ಸನಿ ರಾಜ್ಯದ ಭಾಗ.

ಅಂದರೆ 1832ರಲ್ಲಿ ಹುಟ್ಟಿದವರು ಹಾನೋವರ್ ಪ್ರಜೆ. ಆಗ ಹಾನೋವರಿನ ರಾಜ ನಾಲ್ಕನೇ ವಿಲಿಯಂ, ಬ್ರಿಟನ್ನಿನ ರಾಜನೂ ಅವನೇ. 1837ರ ತನಕ ಎರಡೂ ಕಿರೀಟ ಒಂದೇ ತಲೆಯ ಮೇಲಿದ್ದವು. ಬಾದಾಮಿ, ಬಾಗಲಕೋಟೆ ಕಡೆಯ ನೆಲ 1818ರಲ್ಲಿ ಕಂಪನಿ ಕೈಗೆ ಬಂದಿತ್ತು. ಆ ಕಂಪನಿ ಯಾವ ರಾಜನ ಹೆಸರಲ್ಲಿ ನಡೆಯುತ್ತಿತ್ತೋ ಅದೇ ರಾಜನ ಇನ್ನೊಂದು ರಾಜ್ಯದಲ್ಲಿ ಕಿಟೆಲ್ ಹುಟ್ಟಿದರು. ಬಾಗಲಕೋಟೆಯಲ್ಲಿ ತೂಗುಹಾಕುವ ಫಲಕಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಸಿಗದು.

ಕಾಗದದ ಮಾತು. ವಿಜಯಪುರದ ಹಳೆ ದಾಖಲೆ ಹುಡುಕುವವರಿಗೆ ಇದು ಗೊತ್ತಿರುವ ಕಷ್ಟವೇ: ಆ ಕಡೆ 1848ರ ತನಕ ಸಾತಾರೆ ಸಂಸ್ಥಾನದ್ದು, ಆಮೇಲೆ ಮುಂಬೈ ಪ್ರಾಂತ, 1956ರ ಮೇಲೆ ಮೈಸೂರು ರಾಜ್ಯ. ಆಳುವವರು ಬದಲಾದಂತೆ ಕಾಗದ ಕೂಡಿಡುವ ಜಾಗ, ಭಾಷೆ, ಲಿಪಿ ಎಲ್ಲ ಬದಲಾಗುತ್ತವೆ. ರೆಸ್ಟರ್‌ಹಾಫೆಗೂ ಹಾಗೇ. ಆದರೆ ಅಲ್ಲಿ ಒಂದು ಅನುಕೂಲ ಇದೆ, ಪೂರ್ವ ಫ್ರೀಸ್‌ಲ್ಯಾಂಡಿನ ಸರ್ಕಾರಿ ಕಾಗದದ ಬಹುಪಾಲು ಔರಿಷ್ ಪಟ್ಟಣದ ರಾಜ್ಯ ಪತ್ರಾಗಾರದಲ್ಲೇ ಉಳಿದಿದೆ. ಹತ್ತಿರದ ಕಾಲದ ಗೊಂದಲ ಒಂದಿದೆ. ಡೋರ್ನುಮ್ ಭಾಗ 1977ರ ಆಗಸ್ಟ್ ತನಕ ನೋರ್ಡೆನ್ ಜಿಲ್ಲೆಯಲ್ಲಿತ್ತು, ಆಮೇಲೆ ಔರಿಷ್ ಜಿಲ್ಲೆಗೆ ಸೇರಿತು. 1977ಕ್ಕೆ ಹಿಂದಿನ ಪುಸ್ತಕದಲ್ಲಿ ಔರಿಷ್ ಅಂತ ಹುಡುಕಿದರೆ ಊರೇ ಸಿಗುವುದಿಲ್ಲ.

ಮೊದಲ ಫಲಕದ "ಸ್ಥಾಪನೆಯಾದ ವರ್ಷ" ಪೂರ್ತಿ ತೆಗೆಯಿರಿ. ಜರ್ಮನ್ ಊರುಗಳ ಬಗ್ಗೆ ಎಲ್ಲೆಲ್ಲೂ ಕಾಣುವ ವರ್ಷ ಊರು ಹುಟ್ಟಿದ್ದಲ್ಲ, ಊರಿನ ಹೆಸರು ಯಾವುದೋ ಪತ್ರದಲ್ಲಿ ಮೊದಲ ಸಲ ಬಂದದ್ದು. ಬಾದಾಮಿಯ ಬಂಡೆ ಶಾಸನ ಶಕ 465, ಅಂದರೆ ಕ್ರಿ.ಶ. 543ರದ್ದು. ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅಲ್ಲಿ ಜನ 543ರಲ್ಲಿ ಬಂದು ನೆಲೆಸಿದರು ಅಂತ ಯಾರೂ ಓದುವುದಿಲ್ಲ. ಇದೂ ಹಾಗೇ. ಪೂರ್ವ ಫ್ರೀಸ್‌ಲ್ಯಾಂಡಿನ 1500ರವರೆಗಿನ ಪತ್ರಗಳು 19ನೇ ಶತಮಾನದಲ್ಲೇ ಸಂಪುಟವಾಗಿ ಅಚ್ಚಾಗಿವೆ. ಅಲ್ಲಿ ಹುಡುಕುವಾಗ ಈಗಿನ ಕಾಗುಣಿತ ಒಂದೇ ನೆಚ್ಚಬೇಡಿ. ಹಾಫೆ, ಹಾವೆ, ಹೋವೆ ಮೂರನ್ನೂ ಹಾಕಿ ನೋಡಿ. ಪಕ್ಕದ ನಾಡಿನ ಮರಿಯನ್‌ಹಾಫೆ ಹೆಸರಿನ ಕೊನೆಯೂ ಇದೇ. ಸಿಕ್ಕ ವರ್ಷವನ್ನು "ಬರವಣಿಗೆಯಲ್ಲಿ ಮೊದಲ ಸಲ ಕಂಡದ್ದು" ಅಂತಲೇ ಬರೆಯಿರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾವ ಕಾಗದ? ಸಣ್ಣ ಊರು ತನ್ನ ಬಗ್ಗೆ ತಾನು ಏನೂ ಬರೆದಿಡುವುದಿಲ್ಲ. ಅದರಿಂದ ಏನಾದರೂ ವಸೂಲಿ ಮಾಡಿದವರು ಬರೆದಿಡುತ್ತಾರೆ. ತೆರಿಗೆ ಎತ್ತಿದವರು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು (ದಶಾಂಶ) ಕೇಳಿದವರು, ಕಡಲ ನೀರು ತಡೆಯುವ ಒಡ್ಡಿನ ಕೆಲಸಕ್ಕೆ ಆಳು ಕರೆದವರು, ಜ್ಞಾನಸ್ನಾನ ಮಾಡಿಸಿದ ಪಾದ್ರಿ. "ಈ ಊರಿನಿಂದ ಯಾರಿಗೆ ಏನು ಸಲ್ಲುತ್ತಿತ್ತು" ಅಂತ ಕೇಳಿಕೊಳ್ಳಿ, ಕಾಗದದ ದಾರಿ ಅದೇ ತೋರಿಸುತ್ತದೆ.

ಎರೆ ಹೊಲ, ವಿಜಯಪುರ

ಮೋಡಿ ಅಣ್ಣಾರು ರಾಜ್ಯದ ಲೆಕ್ಕ ಹೇಳ್ಯಾರ, ನಾನು ನೆಲದ್ದು ನೀರಿಂದು ಹೇಳ್ತೀನಿ. ಅದಿಲ್ಲದ ಈ ಊರು ತಿಳಿಯಂಗಿಲ್ಲ. ನಿಮ್ಮ ಖಾಲಿ ಮೂರು ಫಲಕ ಇದರಾಗೇ ತುಂಬತಾವ.

ಮೊದಲು ಆ ಗುಡ್ಡ ತೆಗೀರಿ. ಆ ಕಡೆ ಗುಡ್ಡ ಅನ್ನೋದೇ ಇಲ್ಲ. ಡೋರ್ನುಮಿನಿಂದ ಕಡಲು ಐದು ಕಿಲೋಮೀಟರ್ ಆಸುಪಾಸು, ನೆಲ ಅಂಗೈಯಂಗ ಸಪಾಟು. ಒಡ್ಡು ಇಲ್ಲದ ಕಾಲದಾಗ ದೊಡ್ಡ ಉಬ್ಬರ ಬಂದರ ಹೊಲ, ಹುಲ್ಲುಗಾವಲ ಎಲ್ಲಾ ಉಪ್ಪು ನೀರಾಗ. ಅದಕ್ಕ ಜನ ತಾವೇ ದಿಬ್ಬ ಹಾಕಿ ಅದರ ಮ್ಯಾಲ ಮನಿ ಕಟ್ಟಿದರು. ಆ ದಿಬ್ಬಕ್ಕ ವಾರ್ಫ್ಟ್ ಅಂತಾರ. ಹಾಕಿದ್ದು ಏನು? ಸಗಣಿ, ಗೊಬ್ಬರ, ಜೇಡಿಮಣ್ಣು, ಮತ್ತ ಸಗಣಿ, ಮತ್ತ ಜೇಡಿಮಣ್ಣು. ಬ್ರೆಮರ್‌ಹಾಫೆನ್ ಹತ್ತಿರ ಫೆಡರ್ಸನ್ ವೀರ್ಡೆ ಅನ್ನೋ ಇಂಥ ದಿಬ್ಬ 1955ರಿಂದ 1963ರ ತನಕ ಅಗೆದು ನೋಡ್ಯಾರ. ಕ್ರಿ.ಪೂ. ಒಂದನೇ ಶತಮಾನದಿಂದ ಕ್ರಿ.ಶ. ಐದನೇ ಶತಮಾನದ ತನಕ ಒಂದರ ಮ್ಯಾಲೊಂದು ಮನಿ ಕಟ್ಟಿದ ಪದರ ಸಿಕ್ಕಾವ. ಒಂದೇ ಉದ್ದನ್ನ ಮನಿ, ಒಂದು ತುದೀಗೆ ಮಂದಿ, ಇನ್ನೊಂದು ತುದೀಗೆ ದನ. ಪೂರ್ವ ಫ್ರೀಸ್‌ಲ್ಯಾಂಡಿನಾಗ ದಿಬ್ಬದ ಊರು ಹೆಂಗಿರತದ ನೋಡಬೇಕಂದರ ರೀಸುಮ್ ನೋಡ್ರಿ, ಸುಮಾರು ಆರು ಮೀಟರ್ ಎತ್ತರದ ದುಂಡನ್ನ ದಿಬ್ಬ, ನಟ್ಟ ನಡುವ ಚರ್ಚು.

ಒಡ್ಡು ಕಟ್ಟೋದು ಚಾಲೂ ಆದದ್ದು ಕ್ರಿ.ಶ. 1000ದ ಸುಮಾರಿಗೆ. 13ನೇ ಶತಮಾನದ ಹೊತ್ತಿಗೆ ಕರಾವಳಿಗೆಲ್ಲ ಒಂದಕ್ಕೊಂದು ಕೂಡಿದ ಒಡ್ಡು ಆತು. ಆದರ ಒಡ್ಡಿನ ಒಳಗ ಮಳಿ ನೀರು ನಿಂತರ ಅದು ಹೊರಗ ಹೋಗೋದು ಹೆಂಗ? ಅದಕ್ಕ ಒಡ್ಡಿನಾಗ ತೂಬು ಇಟ್ಟರು. ಅವರ ಮಾತಿನಾಗ ಅದು ಝೀಲ್. ಡೋರ್ನುಮರ್‌ಝೀಲ್, ಬೆನ್ಸರ್‌ಝೀಲ್ ಅಂತ ಊರ ಹೆಸರ ಅದರಿಂದ ಬಂದಾವ. ಕೆಲಸ ಭಾಳ ಸರಳ: ಹೊರಬದಿಗೆ ತೆರಿಯೋ ಎರಡು ಮರದ ಕದ. ಇಳಿತದಾಗ ಕಡಲ ಮಟ್ಟ ಕೆಳಗಿಳಿದಾಗ ಒಳಗಿನ ನೀರು ಕದ ನೂಕಿ ಹೊರಗ ಹರೀತದ. ಉಬ್ಬರದಾಗ ಕಡಲೇ ಕದ ಒತ್ತಿ ಮುಚ್ಚತದ. ಆಳು ಬೇಕಾಗಿಲ್ಲ. ಕೆಡೋದು ಎಲ್ಲಿ ಅಂದರ, ಹೊರಗಿನ ಕಾಲುವ್ಯಾಗ ರಾಡಿ ತುಂಬಿದಾಗ. ಎರಡನೇದು, ನೀರು ಬಸಿದ ನೆಲ ವರ್ಷಾವರ್ಷ ಕುಸೀತದ. ಒಳಗಿನ ನೆಲ ಕೆಳಗ ಹೋದಂಗ ಇಳಿತದಾಗೂ ನೀರು ಹೊರಗ ಹೋಗಂಗಿಲ್ಲ. ಅದಕ್ಕ ಆಮೇಲೆ ಪಂಪು ಬಂದವು.

ಈಗ ನಿಮಗ ಕಾಗದ ಕೊಡೋ ಮಾತು. ಒಡ್ಡಿನ ಕೆಲಸ ಸರ್ಕಾರ ಮಾಡತಿರಲಿಲ್ಲ. ಹೊಲ ಎಷ್ಟದ ಅಷ್ಟಕ್ಕ ತಕ್ಕಂಗ ಒಬ್ಬೊಬ್ಬ ಒಕ್ಕಲಿಗನಿಗೆ ಒಡ್ಡಿನ ಒಂದೊಂದು ತುಂಡು ಹಂಚಿ ಗುರುತು ನೆಡತಿದ್ದರು. ಆ ತುಂಡು ಅವನೇ ಕಾಯಬೇಕು, ಹಿರಿಯರು ಕಾಲಕಾಲಕ್ಕ ಬಂದು ಅಡ್ಡಾಡಿ ತಪಾಸ ಮಾಡತಿದ್ದರು. ಕೈಲಾಗದಿದ್ದರ ತನ್ನ ಸಲಿಕಿ ಒಡ್ಡಿನ ಮ್ಯಾಲ ನೆಟ್ಟು ಊರು ಬಿಡಬೇಕು. ಆ ಸಲಿಕಿ ಕಿತ್ತವ ಹೊಲಕ್ಕೂ ಮಾಲಕ, ಒಡ್ಡಿನ ಆ ತುಂಡಿಗೂ ಹೊಣೆ. ಸಲಿಕಿ ಕಾನೂನು ಅಂತನ ಅದರ ಹೆಸರು. ಇದಕ್ಕೆಲ್ಲ ಪಟ್ಟಿ ಇರತದ: ಯಾರ ಹೆಸರು, ಎಷ್ಟು ಹೊಲ, ಒಡ್ಡು ಎಷ್ಟು ಉದ್ದ. ಐದು ಮನಿ ಊರಿಗೆ ಇದಕ್ಕಿಂತ ಚಲೋ ಮನಿ ಪಟ್ಟಿ ಇನ್ನ್ಯಾವುದೈತಿ? ಔರಿಷ್ ಪತ್ರಾಗಾರಕ್ಕ ಬರೆಯುವಾಗ ಒಡ್ಡಿನ ಸಂಘ, ತೂಬಿನ ಸಂಘ ಎರಡರ ಪಟ್ಟೀನೂ ಬ್ಯಾರೆ ಬ್ಯಾರೆ ಕೇಳ್ರಿ. ಅವು ಎರಡು ಬ್ಯಾರೆ ಸಂಘ.

ನೆಲದ ಅಳತಿ ಡೀಮಾಟ್ ಅಂತ ಬರತದ. ಒಬ್ಬ ಆಳು ಒಂದು ದಿನದಾಗ ಉದ್ದ ಹಿಡಿಕಿಯ ದೊಡ್ಡ ಕುಡಗೋಲಿಲೆ ಕೊಯ್ಯೋ ಹುಲ್ಲಿನ ನೆಲ. ನಮ್ಮ ಕೂರಿಗಿ ಲೆಕ್ಕ ಇದ್ದಂಗ, ಕೆಲಸದ ಮ್ಯಾಲ ಅಳತಿ. ಸುಮಾರು 0.57 ಹೆಕ್ಟೇರ್, ನಮ್ಮ ಲೆಕ್ಕದಾಗ 1 ಎಕರೆ 16 ಗುಂಟೆ. ಊರಿಂದ ಊರಿಗೆ ಹೆಚ್ಚು ಕಡಿಮಿ ಆಗತದ, ಅದಕ್ಕ ಮೂಲದ ಡೀಮಾಟ್ ಅಂಕಿ ಹಾಕಿ ಪಕ್ಕಕ್ಕ "ಅಂದಾಜು" ಅಂತ ಎಕರೆ ಬರೀರಿ. ಡೀಮಾಟ್ ಅಳಿಸಿ ಎಕರೆ ಒಂದೇ ಬರೆದರ ಆಮೇಲೆ ಯಾರೂ ತಾಳೆ ನೋಡಾಕ ಬರಂಗಿಲ್ಲ.

ಮಣ್ಣು ನಮ್ಮ ಎರಿಯ ಅಣ್ಣತಮ್ಮ ಇದ್ದಂಗ. ಹಸಿ ಇದ್ದಾಗ ಇಳಿದರ ಕುಂಟಿಗೆ ಮೆತ್ತಿಕೊಂಡು ಎಳೆಯಾಕ ಬರಂಗಿಲ್ಲ, ಒಣಗಿದರ ಕಲ್ಲು. ಹದ ಇರೋದು ನಡುವಿನ ಸ್ವಲ್ಪ ಹೊತ್ತು. ಜರ್ಮನ್ನರು ಇಂಥ ಭೂಮಿಗೆ "ನಿಮಿಷದ ನೆಲ" ಅಂತನ ಹೆಸರಿಟ್ಟಾರ. ಜೋಳ ಬಿತ್ತೋ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಫಲಕದಾಗ ಈ ಒಂದು ಹೆಸರು ಬರೀರಿ ಸಾಕು.

ಪೂರದ ಮಾತು ಬಂದಾಗ ಮೂರು ತಾರೀಖು ಬಿಡಬ್ಯಾಡ್ರಿ. 1362ರ ಜನವರಿ, 1717ರ ಕ್ರಿಸ್ಮಸ್ ರಾತ್ರಿ, 1825ರ ಫೆಬ್ರುವರಿ. 1717ರದ್ದು ಭಾಳ ಘೋರ, ಉತ್ತರ ಸಮುದ್ರದ ದಂಡಿಗುಂಟ ಸಾವಿರಾರು ಮಂದಿ ಸತ್ತರು. ಡಿಸೆಂಬರ್ 24ರ ರಾತ್ರಿ ವಾಯವ್ಯ ಗಾಳಿ ನೀರು ನೂಕಿ ಒಡ್ಡು ಹರೀತು. ಚಳಿಗಾಲದಾಗ ಜೇಡಿ ಅಗೆದು ಕೂಡಿಸಾಕ ಬರಂಗಿಲ್ಲ. ದುರಸ್ತಿ ಇನ್ನೂ ಮುಗಿಯದಿದ್ದಾಗ 1720ರ ಡಿಸೆಂಬರ್ 31ಕ್ಕ ಮತ್ತ ಪೂರ ಬಂತು. ಉಪ್ಪು ನೀರು ಹೊಲದಾಗ ನಿಂತರ ಏನಾಗತದ ಘಟಪ್ರಭಾ, ಕೃಷ್ಣಾ ಕಾಲುವಿ ಕೆಳಗಿನ ಸವಳು ಹೊಲ ಕಂಡವರಿಗೆ ಗೊತ್ತು. ಸೋಡಿಯಂ ಹೆಚ್ಚಾಗಿ ಜೇಡಿಯ ಕಣ ಬಿಡಿಬಿಡಿ ಆಗಿ ನೀರು ಇಂಗಂಗಿಲ್ಲ. ನಾವು ಜಿಪ್ಸಂ ಹಾಕತೀವಿ. ಅವರು ಹೊಲದಾಗ ಆಳ ತಗ್ಗು ತೋಡಿ ಕೆಳಗಿನ ಸುಣ್ಣದಂಶದ ಜೇಡಿ ಮ್ಯಾಲ ತಂದು ಹರವತಿದ್ದರು. ತತ್ವ ಒಂದೇ, ಕ್ಯಾಲ್ಸಿಯಂ ಬಂದು ಸೋಡಿಯಂ ಜಾಗ ಹಿಡೀಬೇಕು.

ರೆಸ್ಟರ್‌ಹಾಫೆಯಾಗ 1717ರಾಗ ಎಷ್ಟು ಮಂದಿ ಸತ್ತರು ಅಂತ ಇಡೀ ನಾಡಿನ ಅಂಕಿಯಿಂದ ಭಾಗಿಸಿ ಬರೀಬ್ಯಾಡ್ರಿ. ಚರ್ಚಿನ ಸಮಾಧಿ ಪುಸ್ತಕದಾಗ 1717ರ ಡಿಸೆಂಬರಿನಿಂದ 1718ರ ಕಡಿ ತನಕ ಎಣಿಸ್ರಿ, ಹಿಂದಿನ ಐದು ವರ್ಷದ ಸರಾಸರಿ ಪಕ್ಕಕ್ಕ ಇಡ್ರಿ. ಹೆಣ ಸಿಗದವರು ಆ ಪುಸ್ತಕದಾಗ ಇರಂಗಿಲ್ಲ ಅನ್ನೋದು ಲಕ್ಷ್ಯದಾಗ ಇರಲಿ.

ತೊಟ್ಟಿಲ ಮಲ್ಲಿಗೆ, ವಿಜಯಪುರ

ಚಿತ್ರದ ಬಗ್ಗೆ ನನ್ನದೊಂದು ಮಾತು. ಗೋಡೆಯಲ್ಲಿ ಮರದ ಚೌಕಟ್ಟು ಎದ್ದು ಕಾಣುವ ಆ ಮನೆ ದಕ್ಷಿಣ ಮತ್ತು ನಡು ಜರ್ಮನಿಯ ಚಿತ್ರ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಕಿಟೆಲರನ್ನು ಇಲ್ಲಿಗೆ ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಎಷ್ಟೋ ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು. ಮಂಗಳೂರ ಸಮಾಚಾರ ತೆಗೆದ ಹರ್ಮನ್ ಮೊಗ್ಲಿಂಗ್ ಅಲ್ಲಿನ ಬ್ರಾಕನ್‌ಹೈಮಿನವರು. ಅದಕ್ಕೇ ಕಿಟೆಲರಿಗೂ ಅದೇ ಚಿತ್ರ ಅಂಟಿಸಿಬಿಡುತ್ತಾರೆ. ಕಿಟೆಲ್ ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ, ಅದು ವ್ಯುರ್ಟೆಂಬರ್ಗ್. ಹುಟ್ಟಿದ್ದು ದೇಶದ ಇನ್ನೊಂದು ತುದಿಯಲ್ಲಿ. ವ್ಯುರ್ಟೆಂಬರ್ಗಿನ ದಾಖಲೆ ಪುಸ್ತಕ ಎಷ್ಟೇ ಚೆನ್ನಾಗಿರಲಿ, ರೆಸ್ಟರ್‌ಹಾಫೆಗೆ ಅವುಗಳಲ್ಲಿ ಒಂದಕ್ಷರ ಸಿಗುವುದಿಲ್ಲ.

ಪೂರ್ವ ಫ್ರೀಸ್‌ಲ್ಯಾಂಡಿನ ಒಕ್ಕಲು ಮನೆಗೆ ಗುಲ್ಫ್ ಮನೆ ಅನ್ನುತ್ತಾರೆ. ಹೊರಗೋಡೆ ಕೆಂಪು ಇಟ್ಟಿಗೆ. ಮುಂದೆ ವಾಸದ ಭಾಗ, ಹಿಂದೆ ಅದಕ್ಕಂಟಿಕೊಂಡೇ ದೊಡ್ಡ ಕಣಜದ ಭಾಗ. ಒಳಗೆ ನಾಲ್ಕು ಕಂಬದ ನಡುವಿನ ಚೌಕ ಜಾಗವೇ ಗುಲ್ಫ್. ಅಲ್ಲಿ ಹುಲ್ಲು, ಸೂಡು ನೆಲದಿಂದ ಸೂರಿನವರೆಗೆ ಒಟ್ಟುತ್ತಾರೆ. ಒಂದು ಪಕ್ಕದಲ್ಲಿ ದನ ಸಾಲಾಗಿ, ಇನ್ನೊಂದು ಪಕ್ಕದಲ್ಲಿ ಗಾಡಿ ಒಳಬರುವ, ಒಕ್ಕಣೆ ಮಾಡುವ ಓಣಿ. ಗಾಡಿಯ ಬಾಗಿಲು ನಡುವೆ ಇರದೆ ಒಂದು ಬದಿಗೆ ಇರುವುದರಿಂದ ಹಿಂಗೋಡೆ ನೋಡಿದರೇ ಗುಲ್ಫ್ ಮನೆ ಗುರುತು ಸಿಗುತ್ತದೆ. ನಮ್ಮ ಕಡೆ ಹಳೆ ಮಣ್ಣಿನ ಮನೆಯಲ್ಲಿ ತಲೆಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ, ಗ್ವಾದಲಿ, ಅದರ ಮೇಲಿನ ಕಟ್ಟೆಗೆ ಪಡಸಾಲೆ ಇರುತ್ತದಲ್ಲ, ಒಂದೇ ಸೂರಿನಡಿ ದನ ಮತ್ತು ಮನುಷ್ಯ ಅನ್ನುವ ಲೆಕ್ಕ ಎರಡರಲ್ಲೂ ಒಂದೇ. ಆದರೆ ನಮ್ಮ ಬಣವೆ ಹೊರಗೆ, ಅವರ ಬಣವೆ ಮನೆಯ ಹೊಟ್ಟೆಯೊಳಗೆ. ಹುಲ್ಲು ಪೂರ್ತಿ ಒಣಗದೆ ಒಳಗೆ ಒಟ್ಟಿದರೆ ಅದು ತಾನೇ ಕಾವು ಏರಿ ವಾರಗಳ ಮೇಲೆ ಹೊತ್ತಿಕೊಳ್ಳುತ್ತದೆ. ವಾಸದ ಭಾಗಕ್ಕೂ ಕಣಜಕ್ಕೂ ನಡುವೆ ದಪ್ಪ ಇಟ್ಟಿಗೆ ಗೋಡೆ ಎಬ್ಬಿಸಿದ್ದು ಅದಕ್ಕೇ.

ಚರ್ಚಿನ ಇಟ್ಟಿಗೆ ಬಗ್ಗೆಯೂ ಕೇಳುತ್ತೀರಿ ಅಂತ ಮೊದಲೇ ಹೇಳಿಬಿಡುವೆ. ಆ ನಾಡಿನ ಮಧ್ಯಯುಗದ ಇಟ್ಟಿಗೆ ದೊಡ್ಡದು, ಉದ್ದ 28ರಿಂದ 30, ಅಗಲ 14ರ ಸುಮಾರು, ದಪ್ಪ 8ರಿಂದ 9 ಸೆಂಟಿಮೀಟರ್. ಮಠಗಳ ಇಟ್ಟಿಗೆ ಅಂತ ಅದರ ಹೆಸರು. ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಒಂದೇ ಇಟ್ಟಿಗೆ ಅಳೆಯಬಾರದು. ಹತ್ತು ವರಸೆ ಸಂದು ಸಮೇತ ಕೆಳಗಿನಿಂದ ಮೇಲಕ್ಕೆ ಅಳೆದು ಬರಲಿ, ದೊಡ್ಡ ಇಟ್ಟಿಗೆಯಾದರೆ ಮೀಟರಿನ ಆಸುಪಾಸು ಬರುತ್ತದೆ. ಬಾಗಿಲ ಹತ್ತಿರ ಬೇಡ, ಅಲ್ಲಿ ಹೆಚ್ಚಾಗಿ ಆಮೇಲಿನ ದುರಸ್ತಿ ಇರುತ್ತದೆ. ಉತ್ತರದ ಗೋಡೆ ನೋಡಲಿ. ಇಷ್ಟಾದರೂ ಇಟ್ಟಿಗೆ ಅಳತೆಯೊಂದರಿಂದ ಕಾಲ ಹೇಳಬಾರದು, ಬಿದ್ದ ಕಟ್ಟಡದ ಇಟ್ಟಿಗೆ ತೆಗೆದು ಮತ್ತೆ ಕಟ್ಟುವ ರೂಢಿ ಅಲ್ಲೂ ಇತ್ತು. ಗಾರೆಗೆ ಸುಣ್ಣ ಕಡಲ ಚಿಪ್ಪು ಸುಟ್ಟು ಮಾಡಿದ್ದು; ಸುಣ್ಣದ ಕಲ್ಲು ಕಾಲ ಕೆಳಗೇ ಇರುವ ಬಾಗಲಕೋಟೆಯವರು ಫಲಕದ ಮುಂದೆ ನಿಂತು ಇದನ್ನು ಖಂಡಿತ ಕೇಳುತ್ತಾರೆ.

ಇಳಕಲ್ ದಡಿ, ಬಾಗಲಕೋಟೆ

ಅಕ್ಕಾರ, ಅಣ್ಣಾರ, ಇಷ್ಟು ಬಿಡಿಸಿ ಹೇಳಿದ್ದಕ್ಕ ಶರಣು. ಗುಡ್ಡ, ಆ ಮನೆ, ಪ್ರಶ್ಯಾ, ಸ್ಥಾಪನೆಯ ವರ್ಷ ನಾಲ್ಕೂ ಹೋದವು. ನಾಲ್ಕನೇ ಫಲಕ ದಿಬ್ಬ, ಐದನೆಯದು ಒಡ್ಡು ಮತ್ತು ಸಲಿಕೆ, ಆರನೆಯದು ಗುಲ್ಫ್ ಮನೆಯ ಅಡ್ಡಕೊಯ್ತದ ಚಿತ್ರ. ಉಳಿದದ್ದು ಮೂರನೇ ಫಲಕ, ಮನೆತನದ್ದು. ಜೊತೆಗೆ ಹುಟ್ಟು, ಮದುವೆ, ಸಾವು ಬರೆದಿಡುವ ಚರ್ಚಿನ ಪುಸ್ತಕ ಇಲ್ಲಿಂದ ನೋಡಲಿಕ್ಕೆ ಬರುತ್ತದೋ? ಅಡ್ಡಹೆಸರು ಹಿಡಿದು ಊರಿನ ಹಳೆ ಒಕ್ಕಲುಗಳ ವಂಶಾವಳಿ ಮಾಡಬಹುದೋ?

ಮೋಡಿ ಅಕ್ಷರ, ಬೆಳಗಾವಿ

ಮೂರನೇ ಫಲಕದಲ್ಲಿ ಆಗಿರುವ ತಪ್ಪು ಎಲ್ಲರೂ ಮಾಡುವಂಥದ್ದು. ಕಿಟೆಲರ ತಂದೆ ಪಾದ್ರಿ. ಪಾದ್ರಿ ಅಂದರೆ ನೇಮಕವಾಗಿ ಬಂದವರು, ವರ್ಗವಾಗಿ ಹೋಗುವವರು. ಪಾದ್ರಿಯ ಮಗ ಆ ಊರಲ್ಲಿ ಹುಟ್ಟಿದ ಅಂದ ಮಾತ್ರಕ್ಕೆ ಮನೆತನ ಆ ಊರಿನದಾಗುವುದಿಲ್ಲ. ಪಾದ್ರಿ ಮನೆಯ ಕಥೆ ಬೇರೆ, ಒಕ್ಕಲುಗಳ ಕಥೆ ಬೇರೆ. ಫಲಕದಲ್ಲಿ ಎರಡು ಅಂಕಣ ಮಾಡಿ. ಪಾದ್ರಿಗಳಿಗೆ ಕಾಗದ ಸುಲಭ. ಪೂರ್ವ ಫ್ರೀಸ್‌ಲ್ಯಾಂಡಿನ ಪಾದ್ರಿಗಳನ್ನು ಊರುವಾರು ಪಟ್ಟಿ ಮಾಡಿದ ರೀರ್ಸ್‌ಹೇಮಿಯಸ್ ಅವರ ಪುಸ್ತಕ 1796ರಲ್ಲೇ ಔರಿಷ್‌ನಲ್ಲಿ ಅಚ್ಚಾಗಿದೆ. ಅಲ್ಲಿಂದ ಮುಂದಿನ ಹೆಸರುಗಳಿಗೆ ಹಾನೋವರ್ ಚರ್ಚಿನ ಪಾದ್ರಿಗಳ ಪಟ್ಟಿ ಇದೆ.

ಅಡ್ಡಹೆಸರಿನ ಜಾಡು ಹಿಡಿಯಲು ಹೋದರೆ ದಾರಿ ತಪ್ಪುತ್ತೀರಿ. ಆ ನಾಡಿನಲ್ಲಿ 19ನೇ ಶತಮಾನದ ಮೊದಲ ಭಾಗದ ತನಕ ಸ್ಥಿರವಾದ ಅಡ್ಡಹೆಸರು ಹೆಚ್ಚಿನವರಿಗೆ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೇ ಹೆಸರು. ಯಾನ್ ಎಂಬವನ ಮಗ ಹಿನ್ರಿಷ್ ಆದರೆ ಅವನು ಹಿನ್ರಿಷ್ ಯಾನ್ಸೆನ್. ಅವನ ಮಗ ಯಾನ್ ಆದರೆ ಅವನು ಯಾನ್ ಹಿನ್ರಿಷ್ಸ್. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವ ಪದ್ಧತಿ. ಹೀಗಾಗಿ ಎರಡೇ ಹೆಸರು ನೂರು ವರ್ಷ ಗಿರಕಿ ಹೊಡೆಯುತ್ತವೆ. ನೆಪೋಲಿಯನ್ 1811ರ ಆಗಸ್ಟ್‌ನಲ್ಲಿ ಎಲ್ಲರೂ ಒಂದು ಅಡ್ಡಹೆಸರು ಹಿಡಿಯಬೇಕು ಅಂತ ಹುಕುಂ ಮಾಡಿದ. ಕಾಗದದಲ್ಲಿ ಹಿಡಿದರು, ಮನೆಯಲ್ಲಿ ಹಳೆ ರೂಢಿ ಎಷ್ಟೋ ವರ್ಷ ನಡೆಯಿತು. ಅದಕ್ಕೇ 1811ಕ್ಕೆ ಹಿಂದಿನ ಇಬ್ಬರು ಯಾನ್ಸೆನ್ ಒಂದೇ ವಂಶ ಅಂತ ಎಂದಿಗೂ ಜೋಡಿಸಬೇಡಿ. ಹೆಂಡತಿಯ ಹೆಸರು, ಮನೆ ಅಥವಾ ಹೊಲದ ಹೆಸರು, ಜ್ಞಾನಸ್ನಾನಕ್ಕೆ ನಿಂತ ಸಾಕ್ಷಿಗಳು, ಈ ಮೂರರಲ್ಲಿ ಎರಡಾದರೂ ಕೂಡಿದರೆ ಮಾತ್ರ ಗೆರೆ ಎಳೆಯಿರಿ.

ಚರ್ಚಿನ ಪುಸ್ತಕ. ಪ್ರೊಟೆಸ್ಟೆಂಟ್ ಚರ್ಚುಗಳ ಪುಸ್ತಕಗಳ ಚಿತ್ರ ಆರ್ಕಿಯೋನ್ ಎಂಬ ಜಾಲತಾಣದಲ್ಲಿ ಇವೆ. ಶುಲ್ಕ ಇದೆ. ಯಾವ ಊರಿನ ಯಾವ ವರ್ಷದ ಪುಸ್ತಕ ಏರಿಸಿದ್ದಾರೆ ಅನ್ನುವ ಪಟ್ಟಿ ಹಣ ಕಟ್ಟುವ ಮೊದಲೇ ನೋಡಬಹುದು. ಮೊದಲು ಪಟ್ಟಿ, ಆಮೇಲೆ ಒಂದೇ ತಿಂಗಳ ಚಂದಾ. ಪುಟಗಳನ್ನು ಇಳಿಸಿಕೊಳ್ಳುವಾಗ ಪ್ರತಿ ಚಿತ್ರದ ಹೆಸರಲ್ಲಿ ಊರು, ಪುಸ್ತಕ, ವರ್ಷ, ಪುಟ ಹಾಕಿಡಿ. ಚಂದಾ ಮುಗಿದ ಮೇಲೆ ಯಾವ ಪುಟ ಎಲ್ಲಿಯದು ಅಂತ ತಿರುಗಿ ನೋಡಲಿಕ್ಕೆ ಆಗುವುದಿಲ್ಲ. ಕಿಟೆಲರ ಹುಟ್ಟಿದ ತಾರೀಖು ಹಾಕುವುದಿದ್ದರೆ ಬೇರೆ ಪುಸ್ತಕದಿಂದ ಎತ್ತಿಕೊಳ್ಳದೆ 1832ರ ಜ್ಞಾನಸ್ನಾನದ ಪುಟದಿಂದಲೇ ತೆಗೆದುಕೊಳ್ಳಿ. ಅಲ್ಲಿ ಹುಟ್ಟಿದ ದಿನ, ಜ್ಞಾನಸ್ನಾನದ ದಿನ ಬೇರೆ ಬೇರೆ ಇರುತ್ತವೆ. ನಕಲು ಮಾಡುವವರು ಒಂದನ್ನು ಇನ್ನೊಂದು ಅಂದುಕೊಳ್ಳುವುದು ಬಹಳ ಸಾಮಾನ್ಯ.

1811ರಿಂದ 1813ರ ತನಕ ಫ್ರೆಂಚ್ ಕಾನೂನಿನಂತೆ ಸರ್ಕಾರಿ ನೋಂದಣಿಯೂ ನಡೆದಿತ್ತು, ಆಮೇಲೆ ನಿಂತು 1874ರ ಅಕ್ಟೋಬರ್ 1ರಿಂದ ಪ್ರಶ್ಯಾದಲ್ಲಿ ಶಾಶ್ವತವಾಯಿತು. ಸರ್ಕಾರಿ ಪುಸ್ತಕಗಳನ್ನು ಹೊರಗಿನವರು ನೋಡಬೇಕಾದರೆ ಜನನಕ್ಕೆ 110, ಮದುವೆಗೆ 80, ಮರಣಕ್ಕೆ 30 ವರ್ಷ ಕಳೆದಿರಬೇಕು.

ಅಕ್ಷರ ದೊಡ್ಡ ಅಡ್ಡಿ. ಆ ಪುಸ್ತಕಗಳ ಹಳೆ ಜರ್ಮನ್ ಕೈಬರಹ ಕುರೆಂಟ್ ಲಿಪಿ ನಮ್ಮ ಮೋಡಿಯ ಹಾಗೆ, ಲೇಖನಿ ಎತ್ತದೆ ಓಡಿಸುವ ಬರಹ. ಇ (e) ಅಕ್ಷರ ಎನ್ (n) ಅಕ್ಷರದಂತೆ ಕಾಣುತ್ತದೆ, ಎನ್ ಮತ್ತು ಯು (u) ಎರಡೂ ಒಂದೇ ಥರ, ಯು ಮೇಲೆ ಮಾತ್ರ ಸಣ್ಣ ಕೊಂಕು. ಟ್ರಾನ್ಸ್‌ಕ್ರಿಬಸ್ ತಂತ್ರಾಂಶ ಒಂದು ಮಟ್ಟಿಗೆ ಓದಿಕೊಡುತ್ತದೆ, ಆದರೆ ಅದು ಎಡವುವುದು ನಿಮಗೆ ಮುಖ್ಯವಾದ ಹೆಸರುಗಳಲ್ಲೇ. ಅದೇ ಪಾದ್ರಿಯ ಕೈಬರಹದಲ್ಲಿ ತಿಂಗಳ ಹೆಸರು ಮೊದಲು ಓದಿ, ಯಾಕಂದರೆ ಯಾವ ಪದ ಇರಬೇಕು ಅಂತ ನಿಮಗೆ ಮೊದಲೇ ಗೊತ್ತು. ಜನವರಿಯಿಂದ ಡಿಸೆಂಬರ್ ತನಕ ಹನ್ನೆರಡು ಪದದಿಂದ ಅವನ ಅಕ್ಷರಮಾಲೆಯ ಬಹುಪಾಲು ಸಿಗುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬಿಡಿಸಿಟ್ಟುಕೊಂಡು ಆಮೇಲೆ ಹೆಸರಿಗೆ ಕೈಹಾಕಿ. ಪಾದ್ರಿ ಬದಲಾದರೆ ಹಾಳೆಯೂ ಬದಲು.

ತಾರೀಖಿನಲ್ಲೊಂದು ಗುಂಡಿ: ಪ್ರೊಟೆಸ್ಟೆಂಟ್ ಜರ್ಮನಿ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬಂದದ್ದು 1700ರಲ್ಲಿ, ಫೆಬ್ರುವರಿ 18ರ ಮಾರನೇ ದಿನ ಮಾರ್ಚ್ 1. ಅದಕ್ಕೆ ಹಿಂದಿನ ತಾರೀಖು ಕ್ಯಾಥೊಲಿಕ್ ಕಡೆಯ ಕಾಗದದೊಂದಿಗೆ ಹತ್ತು ದಿನ ತಾಳೆಯಾಗುವುದಿಲ್ಲ. ತಪ್ಪು ಅಂತ ತಿದ್ದಬೇಡಿ.

ಎರೆ ಹೊಲ, ವಿಜಯಪುರ

ಪತ್ರಾಗಾರಕ್ಕ ಪತ್ರ ಬರೆಯೋದರ ಬಗ್ಗೆ ಇನ್ನೊಂದೀಟು. "ರೆಸ್ಟರ್‌ಹಾಫೆಯ ಇತಿಹಾಸ ಕಳಿಸ್ರಿ" ಅಂತ ಬರೆದರ ಎರಡು ಸಾಲಿನ ಉತ್ತರ ಬರತದ. ಒಂದು ಪತ್ರಕ್ಕ ಒಂದೇ ಕೇಳ್ರಿ: ಊರು ರೆಸ್ಟರ್‌ಹಾಫೆ, ಹಿಂದಿನ ಜಿಲ್ಲಾ ನೋರ್ಡೆನ್, ವರ್ಷ 1700ರಿಂದ 1740, ಬೇಕಾದದ್ದು ಒಡ್ಡಿನ ಪಟ್ಟಿ, ಯಾವ ಕಟ್ಟಿನಾಗ ಐತಿ, ನಂಬರ್ ಏನು. ನಂಬರ್ ಸಿಕ್ಕ ಮ್ಯಾಲ ಎರಡನೇ ಪತ್ರದಾಗ ಪುಟದ ಲೆಕ್ಕ ಮತ್ತು ನಕಲಿನ ಖರ್ಚು ಕೇಳ್ರಿ. ಅವರು ಹುಡುಕೋ ವ್ಯಾಳ್ಯಾಕೂ ಹಣ ತಗೋತಾರ, ಅದಕ್ಕ ಖರ್ಚು ತಿಳಿಸಿ ನಮ್ಮ ಒಪ್ಪಿಗಿ ಬಂದ ಮ್ಯಾಲ ಕೆಲಸ ಹಿಡೀರಿ ಅಂತ ಮೊದಲನೇ ಪತ್ರದಾಗೇ ಬರೀರಿ. ಗೋಡೆಗೆ ಹಾಕತೀವಿ, ಪುಸ್ತಿಕೆಯಾಗ ಅಚ್ಚು ಹಾಕತೀವಿ ಅನ್ನೋದನ್ನೂ ತಿಳಿಸ್ರಿ. ನಕಲು ಕೊಡೋದು ಬ್ಯಾರೆ, ಅಚ್ಚಿಗೆ ಪರವಾನಗಿ ಬ್ಯಾರೆ. ಔರಿಷ್‌ನ್ಯಾಗ ಓಸ್ಟ್‌ಫ್ರೀಸಿಷೆ ಲಾಂಡ್‌ಶಾಫ್ಟ್ ಅನ್ನೋ ಹಳೇ ಸಂಸ್ಥಾ ಐತಿ, ಅಲ್ಲಿ ಊರ ಚರಿತ್ರೆ ಬರೆಯೋರದೇ ಒಂದು ಬಳಗ ಊರುವಾರು ಟಿಪ್ಪಣಿ ಮಾಡಿ ಇಟ್ಟಾರ. ಪತ್ರಾಗಾರಕ್ಕ ಬರೆಯೋ ಮೊದಲು ಅದನ್ನ ಓದ್ರಿ, ಅರ್ಧ ಪ್ರಶ್ನಾ ಅಲ್ಲೇ ತೀರತಾವ.

ಮತ್ತೊಂದು ಮಾತು ನಕಾಶಿ ಬಗ್ಗೆ. ಫಲಕದಾಗ ಈಗಿನ ಉಪಗ್ರಹ ಚಿತ್ರ ಒಂದೇ ಹಾಕಿದರ ದಿಬ್ಬ ಕಾಣಂಗಿಲ್ಲ. ಎತ್ತರದ ಗೆರಿ ಇರೋ 1:25000 ಅಳತಿ ಹಳೇ ಪ್ರಶ್ಯನ್ ನಕಾಶಿ ಪಕ್ಕಕ್ಕ ಇಡ್ರಿ. ಅದರಾಗ 4 ಸೆಂಟಿಮೀಟರ್ ಅಂದರ ನೆಲದ ಮ್ಯಾಲ 1 ಕಿಲೋಮೀಟರ್. ಫಲಕಕ್ಕ ಹಿಗ್ಗಿಸಿದಾಗ ಈ ಲೆಕ್ಕ ಕೆಡತದ, ಅದಕ್ಕ "1:25000" ಅಂತ ಅಂಕಿ ಬಿಟ್ಟು ಅಳತಿ ಪಟ್ಟಿಯ ಗೆರೀನ ನಕಾಶಿ ಜೋಡಿನ ಹಿಗ್ಗಿಸ್ರಿ.

ತೊಟ್ಟಿಲ ಮಲ್ಲಿಗೆ, ವಿಜಯಪುರ

ಊರ ಹೆಸರಿನ ಪಕ್ಕ ಕನ್ನಡದಲ್ಲಿ ಉಚ್ಚಾರ ಒಂದೇ ಥರ ಇರಲಿ. ಕರಡಿನಲ್ಲಿ ಒಂದು ಕಡೆ ರೆಸ್ಟರ್‌ಹಾಫ್, ಇನ್ನೊಂದು ಕಡೆ ರೆಸ್ಟರ್‌ಹೇಫ್ ಅಂತ ಬಂದರೆ ಮಕ್ಕಳು ಎರಡು ಊರು ಅಂದುಕೊಳ್ಳುತ್ತಾರೆ. ಕೊನೆಯ ಎ ಸ್ವರ ನುಂಗಬಾರದು, ಹಾಫೆ. ಡೋರ್ನುಮ್, ರೀಸುಮ್ ಇವುಗಳ ಕೊನೆಯ ಉಮ್ ಅಂದರೆ ಮನೆ, ವಾಸ ಅನ್ನುವ ಹೈಮ್ ಪದವೇ ಸವೆದದ್ದು. ಫೇನ್ ಅಂತ ಮುಗಿದರೆ ಜೌಗು ನೆಲ ಬಸಿದು ಕೂಡಿಸಿದ ಹೊಸ ಊರು. ನಾಲ್ಕನೇ ಫಲಕದಲ್ಲಿ ಜಾಗ ಉಳಿದರೆ ಸುತ್ತಲಿನ ಹತ್ತು ಊರ ಹೆಸರು ಬರೆದು ಉಮ್, ಝೀಲ್, ಹಾಫೆ, ಫೇನ್ ನಾಲ್ಕಕ್ಕೆ ನಾಲ್ಕು ಬಣ್ಣ ಹಚ್ಚಿ. ಝೀಲ್ ಹೆಸರಿನವು ಒಡ್ಡಿನ ಗುಂಟ, ಫೇನ್ ಹೆಸರಿನವು ಒಳನಾಡಿನ ಜೌಗಿನಲ್ಲಿ ಹೇಗೆ ಸಾಲು ಹಿಡಿದಿವೆ ಅಂತ ದೂರದಿಂದಲೇ ಕಾಣುತ್ತದೆ.